ಜೋಸೆಫ್ ಬ್ಲ್ಯಾಕ್

ಜೋಸೆಫ್ ಬ್ಲ್ಯಾಕ್ (1728–1799) ಉಷ್ಣ ಮತ್ತು ತಾಪಮಾನ ಒಂದೇ ಅಲ್ಲವೆಂದು ಸ್ಪಷ್ಟಪಡಿಸಿದ ಸ್ಕಾಟ್ಲೆಂಡಿನ ವೈದ್ಯ ಹಾಗೂ ರಸಾಯನಶಾಸ್ತ್ರಜ್ಞ.

ಜೀವನ

ಫ್ರಾನ್ಸಿನ ಬೋರ್ಡೋ ನಗರದಲ್ಲಿ ದ್ರಾಕ್ಷಾರಸದ ವ್ಯಾಪಾರಿಯೊಬ್ಬರ ಮಗನಾಗಿ ಜನಿಸಿದ ಇವರು ಗ್ಲಾಸ್ಗೋ ಮತ್ತು ಎಡಿನ್‌ಬರೋಗಳಲ್ಲಿ ವ್ಯಾಸಂಗ ಮಾಡಿದರು. 1756ರಿಂದ ಗ್ಲಾಸ್ಗೋದಲ್ಲಿ, 1766ರಿಂದ ಎಡಿನ್‌ಬರೋದಲ್ಲಿ ಪ್ರಾಧ್ಯಾಪಕರಾಗಿದ್ದರು. ಅವಿವಾಹಿತರಾಗಿಯೇ ಉಳಿದರು.

ಉಷ್ಣದ ಅಧ್ಯಯನ

ಕಮ್ಮಾರನು ಕಾದ ಕಬ್ಬಿಣವನ್ನು ನೀರಿನಲ್ಲಿ ಅದ್ದಿದಾಗ ಕಬ್ಬಿಣವು ತಣಿಯುತ್ತದೆ, ನೀರು ಬಿಸಿಯಾಗುತ್ತದೆ. ಎರಡರ ತಾಪಮಾನವೂ ಸಮನಾದಾಗ ಈ ವಿನಿಮಯ ನಿಲ್ಲುತ್ತದೆ. ಇದೇ ಉಷ್ಣ ಸಮತೋಲನ. ಈ ಸ್ಥಿತಿಯಲ್ಲಿ ಸಮಗಾತ್ರದ ವಸ್ತುಗಳಲ್ಲಿ ಉಷ್ಣವೂ ಸಮವಾಗಿರುತ್ತದೆ ಎಂದು ಹಿಂದಿನ ಕೆಲವು ವಿದ್ವಾಂಸರು ತಿಳಿದಿದ್ದರು. ಬ್ಲ್ಯಾಕ್ ಇದನ್ನು ಒಪ್ಪಲಿಲ್ಲ. ಸಮಗಾತ್ರದ ಬಿಸಿ ಪಾದರಸವನ್ನೂ ತಣ್ಣೀರನ್ನೂ ಬೆರೆಸಿದರೆ ಅಂತಿಮ ತಾಪಮಾನವು ನೀರಿನ ಮೊದಲಿನ ತಾಪಮಾನಕ್ಕೇ ಹೆಚ್ಚು ಹತ್ತಿರವಿರುತ್ತದೆ. ಆದ್ದರಿಂದ ಉಷ್ಣವನ್ನು ಹೀರಿಕೊಳ್ಳುವ ಸಾಮರ್ಥ್ಯವು ವಸ್ತುವಿನಿಂದ ವಸ್ತುವಿಗೆ ಭಿನ್ನವೆಂದು ಅವರು ನಿರ್ಣಯಿಸಿದರು. ಇದು ವಿಶಿಷ್ಟೋಷ್ಣದ ಪರಿಕಲ್ಪನೆಗೆ ತಳಹದಿಯಾಯಿತು.

ಮತ್ತೊಂದು ಪ್ರಯೋಗದಲ್ಲಿ, ಬೆಚ್ಚಗಿನ ಕೋಣೆಯಲ್ಲಿಟ್ಟ ಹೆಪ್ಪುಗಟ್ಟುವಷ್ಟು ತಣ್ಣನೆಯ ನೀರು ಅರ್ಧ ಗಂಟೆಯಲ್ಲಿ 7 ಡಿಗ್ರಿ ಫ್ಯಾರನ್‌ಹೀಟ್‌ನಷ್ಟು ಬಿಸಿಯಾಯಿತು. ಅಷ್ಟೇ ತೂಕದ ಮಂಜುಗಡ್ಡೆ ಕರಗಿ ಅದೇ ತಾಪಮಾನವನ್ನು ತಲುಪಲು ಹತ್ತೂವರೆ ಗಂಟೆ ಬೇಕಾಯಿತು. ಕರಗುವಾಗ ತಾಪಮಾನವನ್ನು ಏರಿಸದೆ ಮಂಜುಗಡ್ಡೆಯೊಳಗೆ ಸೇರುವ ಈ ಉಷ್ಣವನ್ನು ಅವರು ಗುಪ್ತೋಷ್ಣವೆಂದು ಕರೆದರು.

ಪ್ರಭಾವ

ಉಗಿಯಂತ್ರವನ್ನು ಸುಧಾರಿಸಿದ ಜೇಮ್ಸ್ ವಾಟ್ ಇವರ ಸ್ನೇಹಿತರಾಗಿದ್ದರು. ಆ ಕಾರ್ಯಕ್ಕೆ ಬ್ಲ್ಯಾಕ್ ಹಣದ ನೆರವನ್ನೂ ನೀಡಿದರು. ಉಷ್ಣವು ಒಂದು ಬಗೆಯ ದ್ರವ್ಯವೆಂಬ ಅಂದಿನ ಕಲ್ಪನೆ ಮುಂದೆ ಬಿದ್ದುಹೋಯಿತು, ಆದರೆ ಇವರ ಅಳತೆಯ ವಿಧಾನ ಉಳಿಯಿತು. ಬ್ಲ್ಯಾಕ್ ತಮ್ಮ ಉಷ್ಣ ಸಂಶೋಧನೆಗಳನ್ನು ಗ್ರಂಥರೂಪದಲ್ಲಿ ಪ್ರಕಟಿಸಲಿಲ್ಲ. ತರಗತಿಯ ಪಾಠಗಳ ಮೂಲಕವೇ ಅವು ಹರಡಿದವು. ಆ ಉಪನ್ಯಾಸಗಳು ಅವರ ಮರಣಾನಂತರ, 1803ರಲ್ಲಿ, ಜಾನ್ ರಾಬಿಸನ್ ಅವರ ಸಂಪಾದಕತ್ವದಲ್ಲಿ ಪ್ರಕಟವಾದವು.