ಪಿಯಾನೋ ಬಿಟ್ಟು ಸಿಂಹಾಸನ ಏರಿದವರು

ಹಾರ್ಡಿಂಜ್ ಸರ್ಕಲ್ ಗೊತ್ತಿಲ್ಲದವರು ಮೈಸೂರಲ್ಲಿ ಯಾರಿದ್ದಾರೆ? ಅರಮನೆ ಪಕ್ಕದ ಆ ವೃತ್ತದ ಈಗಿನ ಹೆಸರು ಜಯಚಾಮರಾಜೇಂದ್ರ ವೃತ್ತ. 1963ರಲ್ಲಿ ಶುರುವಾದ ಎಸ್‌ಜೆಸಿಇ ಇಂಜಿನಿಯರಿಂಗ್ ಕಾಲೇಜಿನ ಹೆಸರಲ್ಲಿರೋ 'ಜೆ' ಕೂಡ ಅವರದ್ದೇ. ಹೆಸರು ದಿನಾ ನಮ್ಮ ಕಿವಿಗೆ ಬೀಳುತ್ತೆ. ಆದರೆ ಆ ಮನುಷ್ಯರ ಬಗ್ಗೆ ಕೇಳಿದರೆ, ಮೈಸೂರಿನ ಕೊನೆಯ ಮಹಾರಾಜ ಅನ್ನೋ ಒಂದು ಸಾಲಿಗೆ ನಮ್ಮ ಉತ್ತರ ಮುಗಿದುಹೋಗುತ್ತೆ. ಅವರು ಪಿಯಾನೋ ವಾದಕರಾಗಬೇಕು ಅಂತ ಆಸೆಪಟ್ಟಿದ್ದರು ಅನ್ನೋದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಜಯಚಾಮರಾಜ ಒಡೆಯರ್ ಹುಟ್ಟಿದ್ದು 1919ರ ಜುಲೈ 18ರಂದು. ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್, ತಾಯಿ ಕೆಂಪು ಚೆಲುವಾಜಮ್ಮಣ್ಣಿ. ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ್ ಆಗ ಮಹಾರಾಜರು. ಆ ಕಾಲದ ಅರಮನೆಯಲ್ಲಿ ವೀಣೆ ಶೇಷಣ್ಣ, ಮೈಸೂರು ವಾಸುದೇವಾಚಾರ್ಯ ಅವರಂಥ ವಿದ್ವಾಂಸರಿದ್ದರು, ಜೊತೆಗೆ ಪಾಶ್ಚಾತ್ಯ ವಾದ್ಯಗಳ ಬ್ಯಾಂಡೂ ಇತ್ತು. ನಾಲ್ವಡಿಯವರೇ ಹಲವು ವಾದ್ಯ ನುಡಿಸುತ್ತಿದ್ದರು. ಹಾಗಾಗಿ ಈ ಹುಡುಗನಿಗೆ ಎರಡೂ ಸಂಗೀತ ಮನೆಯ ಮಾತಾಗಿದ್ದವು. ಪಿಯಾನೋ ಮಾತ್ರ ಹುಚ್ಚು ಹಿಡಿಸಿತು.

1938ರಲ್ಲಿ ಮಹಾರಾಜ ಕಾಲೇಜಿನಿಂದ ಚಿನ್ನದ ಪದಕಗಳ ಜೊತೆ ಪದವಿ ಮುಗಿಸಿದರು. ಮುಂದೆ ಸಂಗೀತ ಕಛೇರಿಗಳಲ್ಲಿ ಪಿಯಾನೋ ನುಡಿಸುವ ಕಲಾವಿದ ಆಗಬೇಕು ಅನ್ನೋದು ಅವರ ಕನಸು. ಆದರೆ 1940 ಎಲ್ಲವನ್ನೂ ಬದಲಿಸಿಬಿಡ್ತು. ಮಾರ್ಚ್‌ನಲ್ಲಿ ತಂದೆ ತೀರಿಕೊಂಡರು. ಆಗಸ್ಟ್‌ನಲ್ಲಿ ದೊಡ್ಡಪ್ಪ ಹೋದರು. ನಾಲ್ವಡಿಯವರಿಗೆ ಮಕ್ಕಳಿರಲಿಲ್ಲ, ಜಯಚಾಮರಾಜರು ಯುವರಾಜರ ಒಬ್ಬನೇ ಮಗ. ಸೆಪ್ಟೆಂಬರ್‌ನಲ್ಲಿ ಸಿಂಹಾಸನ ಏರಿದಾಗ ಅವರಿಗೆ 21 ವರ್ಷ. ನಮ್ಮ ಫೈನಲ್ ಇಯರ್ ಸೀನಿಯರ್‌ಗಳ ವಯಸ್ಸು! ನಾವು ಬ್ರಾಂಚ್ ಇಷ್ಟ ಇಲ್ಲ ಅಂತ ಗೊಣಗಬಹುದು, ಬಿಟ್ಟೂ ಹೋಗಬಹುದು. ಅವರಿಗೆ ಆ ಆಯ್ಕೆ ಇರಲಿಲ್ಲ.

ಆದರೂ ಸಂಗೀತ ಬಿಡಲಿಲ್ಲ. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿ ಪಡೆದರು. 1945ರಲ್ಲಿ ಟ್ರಿನಿಟಿ ಸಂಗೀತ ಕಾಲೇಜು ಅವರನ್ನು ಗೌರವ ಫೆಲೋ ಮಾಡಿತು. ಅರಮನೆಯಲ್ಲಿ ದೊಡ್ಡ ಪಿಯಾನೋಗಳು, ಸಾವಿರಾರು ಗ್ರಾಮಫೋನ್ ತಟ್ಟೆಗಳು ಸೇರಿದವು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕಾಗದದ ಮೇಲೆ ಬದುಕುತ್ತೆ. ಐದು ಗೆರೆ ಎಳೆದು, ಯಾವ ಸ್ವರ, ಎಷ್ಟು ಹೊತ್ತು, ಎಷ್ಟು ಜೋರು ಅಂತೆಲ್ಲ ಬರೆದಿಡುತ್ತಾರೆ. ಅದನ್ನು ಸ್ಕೋರ್ ಅಂತಾರೆ. ದೊಡ್ಡ ವಾದ್ಯವೃಂದಕ್ಕೆ ಬರೆದದ್ದನ್ನು ಒಂದೇ ಪಿಯಾನೋದಲ್ಲಿ ನುಡಿಸೋ ಹಾಗೆ ಇಳಿಸಿ ಅಚ್ಚು ಹಾಕಿಸೋದೂ ಉಂಟು. ಉದಾಹರಣೆಗೆ ಬಸೂನ್ ತಗೊಳ್ಳಿ. ನಾಗಸ್ವರದ ಹಾಗೆ ಜೋಡಿ ರೀಡ್ ಇರುವ, ಆದರೆ ತುಂಬಾ ತಗ್ಗಿನ ದನಿಯ ಉದ್ದನೆ ಮರದ ವಾದ್ಯ ಅದು. ಎಲ್ಗಾರ್ 1910ರಲ್ಲಿ ಬಸೂನ್ ಮತ್ತು ವಾದ್ಯವೃಂದಕ್ಕೆ ಬರೆದ ರೊಮಾನ್ಸ್ ಅನ್ನು ಬಸೂನ್ ಮತ್ತು ಪಿಯಾನೋ ಇಬ್ಬರೇ ಕೂತು ನುಡಿಸಬಹುದು. ಸ್ಯಾಂಸಾನ್ಸ್ 1921ರಲ್ಲಿ ಬರೆದ ಸೊನಾಟವಂತೂ ನೇರವಾಗಿ ಆ ಇಬ್ಬರಿಗೇ. ಹೀಗೆ ಕಾಗದ ಕೈಲಿದ್ದರೆ ಮೈಸೂರಲ್ಲಿ ಕೂತವರೂ ಯುರೋಪಿನ ಸಂಗೀತ ಓದಬಹುದಿತ್ತು. ಆದರೆ ಸರ್ಕ್ಯೂಟ್ ಡಯಾಗ್ರಮ್ ಇದ್ದ ಮಾತ್ರಕ್ಕೆ ಬಲ್ಬ್ ಉರಿಯಲ್ಲ. ಯಾರೂ ನುಡಿಸದಿದ್ದರೆ ಸ್ಕೋರ್ ಬರೀ ಕಾಗದ.

ನಿಕೊಲಾಯ್ ಮೆಟ್ನರ್ ಅವರ ಪರಿಸ್ಥಿತಿ ಹೀಗೇ ಆಗಿತ್ತು. 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ ಪಿಯಾನೋ ವಾದಕ, ಸಂಗೀತ ರಚನಕಾರ. ಪ್ರಸಿದ್ಧ ರಖ್ಮಾನಿನೊವ್ ತನ್ನ ನಾಲ್ಕನೇ ಪಿಯಾನೋ ಕಾನ್ಸರ್ಟೊವನ್ನು ಅರ್ಪಿಸಿದ್ದು ಇವರಿಗೇ. 1921ರಲ್ಲಿ ರಷ್ಯಾ ಬಿಟ್ಟರು, 1930ರ ದಶಕದಲ್ಲಿ ಲಂಡನ್ ಸೇರಿದರು. ಅಷ್ಟು ಹೊತ್ತಿಗೆ ಸಂಗೀತದ ಫ್ಯಾಷನ್ ಬದಲಾಗಿತ್ತು, ಇವರ ಶೈಲಿ ಹಳೇದು ಅನ್ನಿಸಿಕೊಂಡಿತ್ತು. ಪಾಠ ಹೇಳಿಕೊಂಡು ಕಷ್ಟದಲ್ಲಿ ದಿನ ದೂಡುತ್ತಿದ್ದರು. ಯುದ್ಧದ ನಡುವೆ 1942ರಲ್ಲಿ ಹೃದಯಾಘಾತವೂ ಆಯ್ತು. ಸ್ಕೋರ್‌ಗಳಿದ್ದವು, ನುಡಿಸುವವರು ಕಡಿಮೆ.

ಆಗ ಮೈಸೂರಿನಿಂದ ಸಹಾಯ ಬಂತು. ಜಯಚಾಮರಾಜರು ಹಣ ಕೊಟ್ಟು ಮೆಟ್ನರ್ ಸೊಸೈಟಿ ಶುರು ಮಾಡಿಸಿದರು. ರಚನಕಾರ ಬದುಕಿರುವಾಗಲೇ ಅವರ ಕೈಯಿಂದಲೇ ಅವರ ಸಂಗೀತವನ್ನು ರೆಕಾರ್ಡ್ ಮಾಡೋದು ಅದರ ಉದ್ದೇಶ. ಎಚ್‌ಎಂವಿ ಕಂಪನಿ ರೆಕಾರ್ಡ್ ಮಾಡಿತು, ನಿರ್ಮಾಪಕ ವಾಲ್ಟರ್ ಲೆಗ್. ಇವರೇ ಹಿಂದೆ 1945ರಲ್ಲಿ ಫಿಲ್‌ಹಾರ್ಮೋನಿಯಾ ವಾದ್ಯವೃಂದ ಕಟ್ಟಿದವರು. 78 ಆರ್‌ಪಿಎಂ ತಟ್ಟೆಯ ಒಂದು ಬದಿಯಲ್ಲಿ ಹಿಡಿಸುತ್ತಿದ್ದದ್ದು ನಾಲ್ಕೈದು ನಿಮಿಷ ಮಾತ್ರ. ಅರ್ಧ ಗಂಟೆ ಮೀರುವ ಕಾನ್ಸರ್ಟೊ ಅಂದ್ರೆ ಏಳೆಂಟು ಬದಿ ಬೇಕು, ಪ್ರತಿ ಬದಿಗೂ ಸಂಗೀತ ಕತ್ತರಿಸಿ ಕತ್ತರಿಸಿ ನುಡಿಸಬೇಕು. ಇಂಥ ಖರ್ಚಿನ ಕೆಲಸಕ್ಕೆ, ಮಾರಾಟ ಆಗದ ಸಂಗೀತಕ್ಕೆ, ಯಾವ ಕಂಪನಿ ತಾನಾಗಿ ಕೈ ಹಾಕುತ್ತೆ? ಮೈಸೂರಿನ ಹಣದಿಂದ ಮೆಟ್ನರ್ ಅವರ ಮೂರೂ ಪಿಯಾನೋ ಕಾನ್ಸರ್ಟೊಗಳು, ಎಷ್ಟೋ ಹಾಡುಗಳು, ಪಿಯಾನೋ ರಚನೆಗಳು ತಟ್ಟೆಗೆ ಬಂದವು. ಮೂರನೇ ಕಾನ್ಸರ್ಟೊದ ಸ್ಕೋರ್ ಮೈಸೂರು ಮಹಾರಾಜರಿಗೆ ಅರ್ಪಣೆಯಾಗಿದೆ. 1951ರಲ್ಲಿ ಮೆಟ್ನರ್ ತೀರಿಕೊಂಡರು. ಆ ತಟ್ಟೆಗಳು ಉಳಿದವು.

1948ರಲ್ಲಿ ಜಯಚಾಮರಾಜರು ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ರಿಚರ್ಡ್ ಸ್ಟ್ರಾಸ್ ಅವರ ನಾಲ್ಕು ಕೊನೆಯ ಗೀತೆಗಳು ಮೊದಲ ಬಾರಿ ಕೇಳಿಬಂದದ್ದು 1950ರ ಮೇ 22ರಂದು, ರಾಯಲ್ ಆಲ್ಬರ್ಟ್ ಹಾಲಿನಲ್ಲಿ. ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಹಾಡಿದರು, ಫುರ್ಟ್‌ವೆಂಗ್ಲರ್ ವಾದ್ಯವೃಂದ ನಡೆಸಿದರು. ಸ್ಟ್ರಾಸ್ ಅಷ್ಟರಲ್ಲಿ ತೀರಿಹೋಗಿದ್ದರು. ಆ ಕಛೇರಿಗೆ ಹಣದ ಆಸರೆ ಕೊಟ್ಟ ಜಯಚಾಮರಾಜರೂ ಅಲ್ಲಿರಲಿಲ್ಲ. ತಾವಿಲ್ಲದ ಸಭಾಂಗಣದ ಸಂಗೀತವನ್ನು ಅವರು ಮೈಸೂರಿಗೆ ಬರುವ ರೆಕಾರ್ಡಿಂಗ್‌ನಲ್ಲಿ ಕೇಳಬೇಕಿತ್ತು.

ಇದನ್ನೆಲ್ಲ ಬರೀ ಹೆಮ್ಮೆಯಿಂದ ಹೇಳಿ ಮುಗಿಸಿದರೆ ಸರಿಹೋಗಲ್ಲ. ಅದು ಎಂಥ ಕಾಲ ಅನ್ನೋದನ್ನೂ ನೋಡಬೇಕು. 1947ರ ಆಗಸ್ಟ್‌ನಲ್ಲಿ ಮಹಾರಾಜರು ಭಾರತಕ್ಕೆ ಸೇರುವ ಒಪ್ಪಂದಕ್ಕೆ ಸಹಿ ಹಾಕಿದರು. ಆದರೆ ಜನರ ಸರ್ಕಾರ ಬೇಕು ಅಂತ ಸೆಪ್ಟೆಂಬರ್‌ನಲ್ಲಿ ಮೈಸೂರು ಚಲೋ ಚಳವಳಿ ಶುರುವಾಯ್ತು. ಜನ ಬೀದಿಗಿಳಿದರು, ಜೈಲು ತುಂಬಿದರು. ಅಕ್ಟೋಬರ್ 25ರಂದು ಕೆ.ಸಿ. ರೆಡ್ಡಿ ಮೊದಲ ಮುಖ್ಯಮಂತ್ರಿ ಆದರು. ಅಂಥ ಹೊತ್ತಲ್ಲಿ ಮೈಸೂರಿನ ಹಣ ಲಂಡನ್ನಿನ ವಾದ್ಯವೃಂದಕ್ಕೆ ಯಾಕೆ ಹೋಗಬೇಕು ಅಂತ ಯಾರಾದರೂ ಕೇಳಿದರೆ, ಅದು ನ್ಯಾಯವಾದ ಪ್ರಶ್ನೆಯೇ. ಒಬ್ಬ ಬಡ ಸಂಗೀತಗಾರನ ಜೀವಮಾನದ ಕೆಲಸ ಉಳಿಯಿತು ಅನ್ನೋದೂ ನಿಜ. ಎರಡನ್ನೂ ಪಕ್ಕಪಕ್ಕ ಇಟ್ಟೇ ನೋಡಬೇಕು ಅನ್ನಿಸುತ್ತೆ ನಮಗೆ.

ಅವರು ಪಶ್ಚಿಮದ ಕಡೆಗಷ್ಟೇ ಕಿವಿ ಕೊಟ್ಟವರೂ ಅಲ್ಲ. ವಾಸುದೇವಾಚಾರ್ಯರ ಹತ್ತಿರ ಕರ್ನಾಟಕ ಸಂಗೀತ, ವೆಂಕಟಗಿರಿಯಪ್ಪನವರ ಹತ್ತಿರ ವೀಣೆ ಕಲಿತರು. ಸಂಸ್ಕೃತದಲ್ಲಿ 94 ಕೃತಿಗಳನ್ನು ರಚಿಸಿದರು. ಶ್ರೀವಿದ್ಯಾ ಅನ್ನೋದು ಅವರ ಅಂಕಿತ. ಅಠಾಣ ರಾಗದ ಶ್ರೀ ಮಹಾಗಣಪತಿಂ, ಗಂಭೀರನಾಟದ ಶ್ರೀ ಜಾಲಂಧರ ಅವರದ್ದೇ. ವೇದ, ಪುರಾಣಗಳನ್ನು ಜಯಚಾಮರಾಜ ಗ್ರಂಥರತ್ನಮಾಲೆಯಲ್ಲಿ ಕನ್ನಡಕ್ಕೆ ತರಿಸಿದರು.

1950ರಿಂದ ರಾಜಪ್ರಮುಖ, 1956ರಿಂದ ಮೈಸೂರು ರಾಜ್ಯದ ರಾಜ್ಯಪಾಲ, 1964ರಿಂದ 1966ರವರೆಗೆ ಮದ್ರಾಸಿನ ರಾಜ್ಯಪಾಲ. 1966ರಲ್ಲಿ ಸಂಗೀತ ನಾಟಕ ಅಕಾಡೆಮಿ ಫೆಲೋ ಗೌರವ. 1974ರ ಸೆಪ್ಟೆಂಬರ್ 23ರಂದು ಬೆಂಗಳೂರಿನ ಅರಮನೆಯಲ್ಲಿ, ಬರೀ 55ನೇ ವಯಸ್ಸಿಗೆ ತೀರಿಕೊಂಡರು.

ಕಛೇರಿಯ ಪಿಯಾನೋ ವಾದಕ ಅವರು ಆಗಲಿಲ್ಲ. ಆದರೆ ತಾನು ನುಡಿಸಲಾಗದ ಜಾಗದಲ್ಲಿ ಇನ್ನೊಬ್ಬ ನುಡಿಸುವ ಹಾಗೆ ಮಾಡಿದರು. ಈಗ ಕೆಲಸ ನಮ್ಮ ಕಡೆಯದು. ಅವರ ಕೃತಿಗಳೂ ಪುಸ್ತಕದಲ್ಲಿ ಸ್ವರಲಿಪಿಯಾಗಿ ಸುಮ್ಮನೆ ಕೂತುಬಿಡಬಾರದು. ಮುಂದಿನ ಬಾರಿ ಲ್ಯಾಬ್ ರೆಕಾರ್ಡ್ ಬರೆಯುವಾಗ ಇಯರ್‌ಫೋನಿನಲ್ಲಿ ಮೊದಲು ಶ್ರೀ ಜಾಲಂಧರ ಹಾಕಿ, ಆಮೇಲೆ ಮೆಟ್ನರ್ ಅವರ ಮೂರನೇ ಕಾನ್ಸರ್ಟೊ. ಎರಡರ ಹಿಂದೆಯೂ ಒಬ್ಬರೇ ಇದ್ದಾರೆ, ಅವರು ನಮ್ಮೂರಿನವರು.