ಮಾರಾಟವಾಗದ ಕಾರು, ಬಂಗಾರವಾದ ಕಾರು

ಇವತ್ತು ರಸ್ತೆಯಲ್ಲಿರೋ ಯಾವ ಕಾರು ಐವತ್ತು ವರ್ಷದ ನಂತರ ಸಂಗ್ರಹಕಾರರ ಪಾಲಿಗೆ ಬಂಗಾರವಾಗುತ್ತೆ? ಈ ಚರ್ಚೆ ಬಂದಾಗೆಲ್ಲ ನನಗೆ ನೆನಪಾಗೋದು ಎತ್ತೊರೆ ಬುಗಾಟಿ.

1881ರಲ್ಲಿ ಮಿಲಾನ್‌ನ ಕಲಾವಿದರ ಮನೆಯಲ್ಲಿ ಹುಟ್ಟಿದ ಬುಗಾಟಿ, 1909ರಲ್ಲಿ ಆಗ ಜರ್ಮನಿಯ ಕೈಯಲ್ಲಿದ್ದ ಅಲ್ಸಾಸ್‌ನ ಮೊಲ್ಸೈಮ್‌ನಲ್ಲಿ ಕಾರ್ಖಾನೆ ಶುರು ಮಾಡಿದ. 1920ರ ದಶಕದಲ್ಲಿ ಅವನ ಟೈಪ್ 35 ಕಾರು ರೇಸಿನ ಮೇಲೆ ರೇಸು ಗೆದ್ದಿತು. ಆಮೇಲೆ ಅರಸರಿಗಾಗಿಯೇ ‘ರೊಯಾಲ್’ ಮಾಡಹೊರಟ. 12.7 ಲೀಟರ್ ಎಂಜಿನ್, ಆರು ಮೀಟರಿಗೂ ಹೆಚ್ಚು ಉದ್ದ. 25 ಕಾರು ಮಾಡೋ ಯೋಜನೆ. ಅಷ್ಟರಲ್ಲಿ ಜಗತ್ತಿನ ಆರ್ಥಿಕತೆಯೇ ಕುಸಿಯಿತು. ಮಾರಾಟವಾದದ್ದು ಬರೀ ಮೂರು, ಅದರಲ್ಲಿ ಒಬ್ಬ ಅರಸನೂ ಇಲ್ಲ! ಆ ಎಂಜಿನ್‌ಗಳನ್ನು ರೈಲುಗಾಡಿಗೆ ಹಾಕಿದ. ದೊರೆಗಳಿಗೆಂದು ಮಾಡಿದ್ದು ಟಿಕೆಟ್ ಕೊಂಡ ಜನರನ್ನು ಹೊತ್ತು ಓಡಿತು, ಕಾರ್ಖಾನೆಗೂ ಜೀವ ಬಂತು.

1936ರಲ್ಲಿ ಫ್ರಾನ್ಸಿನಾದ್ಯಂತ ಮುಷ್ಕರದ ಅಲೆ ಎದ್ದಾಗ ಬುಗಾಟಿಯ ಕಾರ್ಮಿಕರೂ ಕೆಲಸ ನಿಲ್ಲಿಸಿದರು. ತನ್ನನ್ನು ಮನೆಯ ಯಜಮಾನ ಅಂದುಕೊಂಡಿದ್ದವನಿಗೆ ಇದು ಸಹಿಸಲಾಗಲಿಲ್ಲ. ಕಾರ್ಖಾನೆಯನ್ನು ಮಗ ಜಾನ್‌ಗೆ ಬಿಟ್ಟು ಪ್ಯಾರಿಸ್ ಸೇರಿಕೊಂಡ. 1939ರಲ್ಲಿ ಕಾರೊಂದರ ಪರೀಕ್ಷೆಯ ವೇಳೆ ಮಗ ಸತ್ತ. 1947ರಲ್ಲಿ ಅಪ್ಪನೂ ಹೋದ.

ನನ್ನನ್ನು ಹಿಡಿದಿಡೋದು ಅವನು ಮಾಡಿದ ಒಂದು ಕಾರಿನ ಕಥೆ. ಜರ್ಮನಿಯ ವೈದ್ಯರೊಬ್ಬರು ಕೊಂಡಿದ್ದ ರೊಯಾಲ್ ಊರೂರು ಸುತ್ತಿ ನ್ಯೂಯಾರ್ಕಿನ ಗುಜರಿ ಸೇರಿತ್ತು. ಚಳಿಗೆ ನೀರು ಹೆಪ್ಪುಗಟ್ಟಿ ಎಂಜಿನ್ ಬಿರುಕು ಬಿಟ್ಟಿತ್ತು. 1940ರ ದಶಕದಲ್ಲಿ ಚಾರ್ಲ್ಸ್ ಚೇನ್ ಅನ್ನೋ ಎಂಜಿನಿಯರ್ ಅದನ್ನು ಕೊಂಡು ಸರಿಮಾಡಿದ. ಈಗದು ಅಮೆರಿಕದ ಹೆನ್ರಿ ಫೋರ್ಡ್ ಮ್ಯೂಸಿಯಮ್ಮಿನಲ್ಲಿದೆ. ಇನ್ನೊಂದು ರೊಯಾಲ್ 1987ರಲ್ಲಿ ಲಂಡನ್ ಹರಾಜಿನಲ್ಲಿ 55 ಲಕ್ಷ ಪೌಂಡಿಗೆ ಹೋಯಿತು.

ಅಪರೂಪ ಅಂದಮಾತ್ರಕ್ಕೆ ಯಾವ ಕಾರೂ ಉಳಿಯಲ್ಲ. ಕೈಗೆ ಸಿಕ್ಕವನಿಗೆ ಬಿಚ್ಚಿ ಕಟ್ಟೋಕೆ ಬರಬೇಕು. ಚೇನ್ ಯಾರ ಅಪ್ಪಣೆಯನ್ನೂ ಕೇಳಬೇಕಾಗಿರಲಿಲ್ಲ. ಇವತ್ತಿನ ಕಾರಿನಲ್ಲಿ ಕಬ್ಬಿಣದಷ್ಟೇ ಸಾಫ್ಟ್‌ವೇರ್ ಕೂಡ ಮುಖ್ಯ. ಅದರ ಬೀಗದ ಕೈ ಕಂಪನಿ ಹತ್ತಿರ. ಕಂಪನಿ ಬೆಂಬಲ ನಿಲ್ಲಿಸಿದರೆ ಎಷ್ಟೇ ಚೆಂದದ ಎಲೆಕ್ಟ್ರಿಕ್ ಕಾರೂ ಶೆಡ್ಡಿನ ಮೂಲೆ ಸೇರಬಹುದು.

ಹಾಗಾಗಿ ನಾಳೆಯ ಸಂಗ್ರಹದ ಕಾರು ಯಾವುದು ಅನ್ನೋದು ಶ್ರೀಮಂತರ ಹವ್ಯಾಸದ ಪ್ರಶ್ನೆಯಷ್ಟೇ ಅಲ್ಲ. ದುಡ್ಡು ಕೊಟ್ಟು ಕೊಂಡದ್ದನ್ನು ನಾವೇ, ಇಲ್ಲವೇ ನಮ್ಮ ಬೀದಿಯ ಮೆಕ್ಯಾನಿಕ್ಕು ರಿಪೇರಿ ಮಾಡೋ ಹಕ್ಕಿನ ಪ್ರಶ್ನೆ. ಆ ಹಕ್ಕನ್ನು ಕಾನೂನಾಗಿ ಕೇಳಬೇಕಾದವರು ನಾವು.