ಯಮಕಭಾರತ ಮತ್ತು ಶ್ರೀಮದಾಚಾರ್ಯರು

ಮಾಘ ಶುದ್ಧ ನವಮಿಯು ಮಧ್ವನವಮಿಯೆಂದು ಪ್ರಸಿದ್ಧವಾದ ಪರ್ವದಿನ. ಅಂದಿನ ಉಪನ್ಯಾಸಗಳಲ್ಲಿ ಶ್ರೀಮದಾಚಾರ್ಯರ ಭಾಷ್ಯಗಳ ಮಹಿಮೆಯನ್ನೂ ವಾದವಿಜಯಗಳನ್ನೂ ನಾವೆಲ್ಲರೂ ಕೇಳುತ್ತೇವೆ. ಶಬ್ದದ ವಿಷಯದಲ್ಲಿ ಅವರಿಗಿದ್ದ ಎಚ್ಚರವನ್ನೂ, ಆ ಎಚ್ಚರವು ಎದ್ದು ಕಾಣುವ ಯಮಕಭಾರತವೆಂಬ ಚಿಕ್ಕ ಗ್ರಂಥವನ್ನೂ ಇಲ್ಲಿ ಸ್ಮರಿಸೋಣ.

ಬಹುಮಂದಿ ವಿದ್ವಾಂಸರು ಒಪ್ಪಿರುವಂತೆ ಆಚಾರ್ಯರ ಅವತಾರವು ಕ್ರಿ.ಶ. 1238ನೆಯ ವಿಳಂಬಿ ಸಂವತ್ಸರದ ವಿಜಯದಶಮಿಯಂದು ಉಡುಪಿಯ ಸಮೀಪದ ಪಾಜಕದಲ್ಲಿ ಆಯಿತು. ತಂದೆ ಮಧ್ಯಗೇಹ ಭಟ್ಟರು. ಬಾಲ್ಯದ ಹೆಸರು ವಾಸುದೇವ. ಒಮ್ಮೆ ಪುರಾಣ ಹೇಳುತ್ತಿದ್ದ ತಂದೆಯವರು ಮರಗಳ ಹೆಸರುಗಳ ನಡುವೆ ಬಂದ ಲಿಕುಚವೆಂಬ ಪದಕ್ಕೆ ಅರ್ಥ ಹೇಳದೆ ಮುಂದೆ ಸಾಗಿದಾಗ, ಬಾಲಕನು ಅದನ್ನು ಎತ್ತಿ ತೋರಿಸಿದನೆಂದು ನಾರಾಯಣ ಪಂಡಿತಾಚಾರ್ಯರ ಸುಮಧ್ವವಿಜಯವು ತಿಳಿಸುತ್ತದೆ. ಒಂದು ಪದವನ್ನೂ ಅರ್ಥವಿಲ್ಲದೆ ದಾಟಿಹೋಗಲು ಬಿಡದ ಸ್ವಭಾವವು ಅಂದೇ ಪ್ರಕಟವಾಯಿತು.

ಅಚ್ಯುತಪ್ರೇಕ್ಷರಿಂದ ಸನ್ಯಾಸವನ್ನು ಸ್ವೀಕರಿಸಿ ಪೂರ್ಣಪ್ರಜ್ಞರೆನಿಸಿದ ಮೇಲೆ ಅವರು ದಕ್ಷಿಣ ದೇಶದ ಯಾತ್ರೆಯನ್ನು ಕೈಗೊಂಡರು. ಆಗ ಒಂದು ವಿದ್ವತ್ಸಭೆಯಲ್ಲಿ, ವಿಷ್ಣುಸಹಸ್ರನಾಮದ ಒಂದೊಂದು ನಾಮಕ್ಕೂ ನೂರು ಅರ್ಥಗಳುಂಟೆಂದು ತಿಳಿಸಿ, ವಿಶ್ವವೆಂಬ ಮೊದಲ ನಾಮವನ್ನೇ ವಿವರಿಸತೊಡಗಿದರು. ಕೇಳಿದ್ದನ್ನು ಧಾರಣೆ ಮಾಡಿಕೊಳ್ಳಲಾಗದೆ ಪಂಡಿತರು ತಲೆಬಾಗಿದರು.

ಅಲ್ಲಿ ಒಂದೇ ಪದಕ್ಕೆ ಅನೇಕ ಅರ್ಥಗಳಾದರೆ, ಯಮಕದ ರೀತಿಯು ಬೇರೆ. ಒಂದೇ ಅಕ್ಷರಸಮೂಹವು ಅದೇ ಕ್ರಮದಲ್ಲಿ ಮತ್ತೆ ಬರಬೇಕು. ಎರಡು ಕಡೆಯೂ ಅದಕ್ಕೆ ಅರ್ಥವಿದ್ದರೆ ಆ ಅರ್ಥವು ಬೇರೆಯಾಗಿರಬೇಕು. ನಿದರ್ಶನಕ್ಕಾಗಿ ನದೀನ ಎಂಬ ಅಕ್ಷರಗಳನ್ನು ನೋಡಬಹುದು. ನದೀ, ಇನ ಎಂದು ಬಿಡಿಸಿದರೆ ನದಿಗಳ ಒಡೆಯನಾದ ಸಮುದ್ರ. ನ, ದೀನ ಎಂದು ಬಿಡಿಸಿದರೆ ದೀನನಲ್ಲದವನು. ಅರ್ಥವೂ ಒಂದೇ ಆದರೆ ಅದು ಪುನರುಕ್ತಿಯಾದೀತೇ ಹೊರತು ಯಮಕವಾಗದು. ಕನ್ನಡ ಪದ್ಯಗಳ ದ್ವಿತೀಯಾಕ್ಷರ ಪ್ರಾಸಕ್ಕೆ ಒಂದು ವ್ಯಂಜನದ ಹೊಂದಿಕೆ ಸಾಕು; ಇಲ್ಲಿ ಇಡಿಯ ಪದವೇ ತನಗೆ ತಾನು ಪ್ರಾಸವಾಗಬೇಕು.

ಆಲಂಕಾರಿಕರೆಲ್ಲರೂ ಇದನ್ನು ಮೆಚ್ಚಿದವರಲ್ಲ. ಕಾವ್ಯಾದರ್ಶದ ದಂಡಿಯು ಯಮಕದ ಪ್ರಭೇದಗಳನ್ನು ವಿಸ್ತಾರವಾಗಿ ನಿರೂಪಿಸಿದರೂ ಅದು ಪೂರ್ಣವಾಗಿ ಮಧುರವಲ್ಲವೆಂದು ಹೇಳಿದ್ದಾನೆ. ಒಂಬತ್ತನೆಯ ಶತಮಾನದ ಆನಂದವರ್ಧನನು ಶೃಂಗಾರ ರಸದಲ್ಲಿ ಯಮಕವು ಸಲ್ಲದೆಂದು ವಿಧಿಸಿದನು. ಶಬ್ದದ ಹಿಂದೆ ಹೋದ ಕವಿಗೆ ರಸವು ತಪ್ಪಿಹೋಗುವುದೆಂಬುದು ಅವನ ಆತಂಕ. ಹಾಗಾದರೆ ತತ್ತ್ವನಿರ್ಣಯಕ್ಕಾಗಿಯೇ ಲೇಖನಿ ಹಿಡಿದ ಆಚಾರ್ಯರು ಈ ಕಠಿಣವಾದ ಬಂಧವನ್ನು ಏಕೆ ಆರಿಸಿಕೊಂಡರು?

ಮಹಾಭಾರತದ ನಿರ್ಣಯಕ್ಕೆಂದು ಅವರು 32 ಅಧ್ಯಾಯಗಳ, ಐದು ಸಾವಿರಕ್ಕೂ ಮಿಕ್ಕ ಶ್ಲೋಕಗಳ ತಾತ್ಪರ್ಯನಿರ್ಣಯವನ್ನು ರಚಿಸಿದ್ದಾರೆ. ಯಮಕಭಾರತವಾದರೋ ಕೇವಲ 81 ಪದ್ಯಗಳದು. ಶ್ರೀಕೃಷ್ಣನ ಲೀಲೆಗಳೂ ಪಾಂಡವರ ಕಥೆಯೂ ಅದರಲ್ಲಿ ಅಡಕವಾಗಿವೆ. ಅಲ್ಲಿ ಕಿವಿಗೆ ಒಂದೇ ಆಗಿ ಕೇಳುವುದನ್ನು ಬುದ್ಧಿಯು ಬಿಡಿಸಿಕೊಳ್ಳಬೇಕು. ಪದಚ್ಛೇದವು ತಪ್ಪಿದರೆ ಕಥೆಯೇ ತಪ್ಪುತ್ತದೆ. ಆದ್ದರಿಂದ ಅದನ್ನು ಓದುವವನು ಅವಸರಪಡುವಂತಿಲ್ಲ.

ತೋರಿಕೆಯ ಸಾಮ್ಯವು ಐಕ್ಯವಲ್ಲವೆಂಬುದನ್ನು ಆಚಾರ್ಯರು ಜೀವನವಿಡೀ ಬೋಧಿಸಿದರು. ಜೀವನು ಚೇತನನಾಗಿ ಈಶ್ವರನನ್ನು ಹೋಲಿದರೂ ಈಶ್ವರನಾಗಲಾರನು. ಒಂದೇ ಧ್ವನಿಯ ಎರಡು ಪದಗಳು ಎರಡಾಗಿಯೇ ಉಳಿಯುವ ಯಮಕವನ್ನು ಓದುವಾಗ, ಪಂಚಭೇದವನ್ನು ಅರಿತ ಮನಸ್ಸಿಗೆ ಆ ಬೋಧೆಯ ನೆನಪಾಗದೆ ಇರದು.

1317-18ನೆಯ ಪಿಂಗಳ ಸಂವತ್ಸರದ ಮಾಘ ಶುದ್ಧ ನವಮಿಯಂದು, 79 ವರ್ಷಗಳ ಲೋಕಯಾತ್ರೆಯ ಬಳಿಕ, ಆಚಾರ್ಯರು ಉಡುಪಿಯ ಅನಂತೇಶ್ವರ ದೇವಾಲಯದಲ್ಲಿ ಅದೃಶ್ಯರಾದರೆಂದು ಸಂಪ್ರದಾಯವು ನಂಬುತ್ತದೆ. ಮನೆಯ ಮಕ್ಕಳಿಗೆ ಸ್ತೋತ್ರಗಳನ್ನು ಕಂಠಪಾಠ ಮಾಡಿಸುವುದು ಪುಣ್ಯಕಾರ್ಯವೇ ಸರಿ. ಆದರೆ ಕಂಠಕ್ಕೆ ಬಂದ ಪದವನ್ನು ಬಿಡಿಸಿ ತಿಳಿಯುವ ಅಭ್ಯಾಸವು ಅದರೊಡನೆ ಬಾರದಿದ್ದರೆ, ಅವರಿಗೆ ದಕ್ಕುವುದು ಧ್ವನಿ ಮಾತ್ರ. ಈ ನವಮಿಯಂದು ಪ್ರತಿಯೊಂದು ಮನೆಯಲ್ಲಿಯೂ ಒಂದು ಶ್ಲೋಕವನ್ನಾದರೂ ಪದವಿಭಾಗದೊಡನೆ ಹಿರಿಯರು ಹೇಳಿಕೊಟ್ಟರೆ, ಅರ್ಥ ಬಿಟ್ಟುಹೋದ ಒಂದು ಪದಕ್ಕಾಗಿ ತಂದೆಯನ್ನು ತಡೆದ ಆ ಬಾಲಕನಿಗೆ ಅದೇ ತಕ್ಕ ಪೂಜೆಯಾದೀತು.

ಶ್ರೀಕೃಷ್ಣಾರ್ಪಣಮಸ್ತು.